ಹಿನ್ನೀರಿನೊಳಗೆ ಇನ್ನೊಂದು ಡ್ಯಾಂ ಇದೆಯಂತೆ, ನೋಡಿದವರು ಯಾರಾದರೂ ಇದ್ದೀರಾ?

ಗದಗಿನ ಹುಡುಗ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಸಾಗರಕ್ಕೆ ಬಂದು ಏಳು ತಿಂಗಳಾಯಿತು. ನಮ್ಮೂರಲ್ಲಿ ಮಳೆ ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ, ಇಲ್ಲಿ ಬಟ್ಟೆ ಯಾವಾಗ ಒಣಗುತ್ತದೆ ಅಂತ ಕಾಯುತ್ತೇನೆ. ಇರಲಿ, ವಿಷಯಕ್ಕೆ ಬರುತ್ತೇನೆ. ಮೊನ್ನೆ ಚಹಾ ಅಂಗಡಿಯಲ್ಲಿ ಇಬ್ಬರು ಹಿರಿಯರು ಮಾತಾಡುತ್ತಿದ್ದರು. ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿ ಹಳೆಯದೊಂದು ಡ್ಯಾಂ ಇಡಿಯಾಗಿ ಮುಳುಗಿ ಕೂತಿದೆಯಂತೆ. ಬರಗಾಲ ಬಂದರೆ ಎದ್ದು ಬರುತ್ತದಂತೆ. ಡ್ಯಾಂ ಊರು ಮುಳುಗಿಸುವುದು ಗೊತ್ತು, ಡ್ಯಾಮೇ ಮುಳುಗುವುದು ಅಂದರೇನು? ನಾನು ಹೊಸಬ ಅಂತ ಕಿವಿ ಮೇಲೆ ಹೂವು ಇಟ್ಟರಾ? ಇಂಥ ವಿಚಿತ್ರ ಜಾಗ ಈ ಜಿಲ್ಲೆಯಲ್ಲಿ ಬೇರೆ ಇದ್ದರೆ ಅದನ್ನೂ ಹೇಳಿ. ಭಾನುವಾರ ರೂಮಿನಲ್ಲಿ ಕೂತು ಸಾಕಾಗಿದೆ.

ಹೊಳೆ ಆಚೆಯವ:
ಹೂವು ಇಟ್ಟಿಲ್ಲ ತಮ್ಮಾ. ಅದು ಮಡೆನೂರು ಡ್ಯಾಂ. ಕಾಗದಪತ್ರದಲ್ಲಿ ಹಿರೇಭಾಸ್ಕರ ಅಣೆಕಟ್ಟು ಅಂತ ಇರುತ್ತದೆ.

ಜೋಗದಲ್ಲಿ ಕರೆಂಟು ತೆಗೆಯಬೇಕು ಅಂದರೆ ಮಳೆಗಾಲದ ನೀರನ್ನು ಬೇಸಿಗೆಗೂ ಉಳಿಸಿಕೊಳ್ಳಬೇಕಲ್ಲ. ಅದಕ್ಕೆ ಮೈಸೂರು ಮಹಾರಾಜರ ಕಾಲದಲ್ಲಿ ಶರಾವತಿಗೆ ಅಡ್ಡ ಕಟ್ಟಿದ್ದು ಅದು. 1948ರಲ್ಲಿ ಜೋಗದಲ್ಲಿ ಕರೆಂಟು ಶುರುವಾಯಿತು. ಆಮೇಲೆ ಅದು ಸಾಲದೆ ಬಂತು. ಹೊಳೆಯ ಇನ್ನೂ ಕೆಳಗೆ, ಜೋಗದ ಹತ್ತಿರ, ಲಿಂಗನಮಕ್ಕಿ ಕಟ್ಟಿದರು. 1964ಕ್ಕೆ ಮುಗಿಯಿತು. ಅದು ಹಿಡಿಯುವುದು 151 ಟಿಎಂಸಿ, ತುಂಬಿದರೆ ಮಟ್ಟ 1819 ಅಡಿ. ಅಷ್ಟು ನೀರು ಹಿಂದಕ್ಕೆ ಏರುತ್ತಾ ಬಂದಾಗ ಹಳೇ ಡ್ಯಾಂ ಅದರ ಹೊಟ್ಟೆಯೊಳಗೇ ಇತ್ತು. ಒಡೆಯುವ ಗೋಜಿಗೂ ಹೋಗಲಿಲ್ಲ, ಹಾಗೇ ಬಿಟ್ಟರು. ಕೆಲಸ ಮಾಡಿದ್ದು ಹದಿನಾರು ವರ್ಷ. ನಮ್ಮ ಅಪ್ಪಯ್ಯ "ಪ್ರಾಯದಲ್ಲೇ ಹೋಯ್ತು ಅದು" ಅನ್ನುತ್ತಾರೆ, ಮನೆ ಮಗನ ಬಗ್ಗೆ ಹೇಳಿದ ಹಾಗೆ.

ನಾವು ಮುಳುಗಡೆಯವರು. ಈಗಿನ ಮನೆ ತುಮರಿ ಕಡೆ, ಕರೂರು ಹೋಬಳಿ. ಮುಂಚೆ ನಮ್ಮದು ಹೊಳೆ ದಂಡೆಯ ಮೂರು ಮನೆಯ ಕೇರಿ. ಅಡಿಕೆ ತೋಟ, ಕೊಟ್ಟಿಗೆ ತುಂಬ ದನ. ನೀರು ಬಂದಾಗ ಅಪ್ಪಯ್ಯನಿಗೆ ಇಪ್ಪತ್ತೆರಡು, ಚಿಕ್ಕಪ್ಪನಿಗೆ ಹತ್ತೊಂಬತ್ತು. ನಾನು ಹುಟ್ಟಿದ್ದು ಈಚೆಗೆ. ಹಾಗಾಗಿ ನನ್ನ ಮಟ್ಟಿಗೆ ಆ ಮನೆ ಅಂದರೆ ಊಟದ ಹೊತ್ತಿನ ಮಾತು ಅಷ್ಟೆ. ಇನ್ನೊಂದು ತಮಾಷೆ ಕೇಳು. ಹೊಳೆ ಕೊಟ್ಟ ನಮ್ಮ ಮನೆಗೆ ಕರೆಂಟು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯತನಕ ಚಿಮಣಿ ಬುಡ್ಡಿ. ಪರಿಹಾರ, ಹಕ್ಕುಪತ್ರದ ಕಥೆ ಈಗ ಎತ್ತುವುದಿಲ್ಲ, ಎತ್ತಿದರೆ ಬೆಳಗಾಗುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಅದರ ಮರುಬೇಸಿಗೆ ಜೀಪು ಮಾಡಿಕೊಂಡು ಹೋದೆವು. ನಾನು, ಮಗ, ಅಪ್ಪಯ್ಯ, ಚಿಕ್ಕಪ್ಪ. ನೀರು ಇಳಿದ ಜಾಗದಲ್ಲಿ ಕೆಸರು ಒಣಗಿ ಸುಟ್ಟ ಹಪ್ಪಳದ ಹಾಗೆ ಎದ್ದಿತ್ತು. ಕಾಲಿಟ್ಟರೆ ಚಿಪ್ಪು ಕಟಕಟ ಅನ್ನುತ್ತಿತ್ತು. ಎಲ್ಲಿ ನೋಡಿದರೂ ಮರದ ಬೊಡ್ಡೆಗಳು, ಕಪ್ಪಗೆ, ಕಲ್ಲಿನಷ್ಟು ಗಟ್ಟಿ. ಡ್ಯಾಂ ಮಾತ್ರ ನಿನ್ನೆ ಕಟ್ಟಿದ ಹಾಗೆ ನಿಂತಿತ್ತು. ಮಗ ಫೋಟೊ ತೆಗೆದದ್ದೇ ತೆಗೆದದ್ದು.

ಅಪ್ಪಯ್ಯ ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. "ಡ್ಯಾಂ ನೋಡಕ್ಕೆ ಬಂದದ್ದಲ್ಲ, ನಡಿ" ಅಂದರು. ಜೀಪಿನಲ್ಲಿ ಇನ್ನಷ್ಟು ದೂರ ಹೋಗಿ, ಆಮೇಲೆ ನಡೆದೆವು. ಎರಡು ಬೊಡ್ಡೆ ಅಕ್ಕಪಕ್ಕ ಇದ್ದ ಕಡೆ ನಿಂತು, ಇದು ಹಲಸು, ಇದು ಮಾವು ಅಂದರು. ನನಗೆ ಎರಡೂ ಒಂದೇ ಥರ ಕಂಡವು. ಅಲ್ಲಿಂದ ಹೆಜ್ಜೆ ಎಣಿಸಲು ಶುರು ಮಾಡಿದರು. ಎಂಬತ್ತು ದಾಟಿದ ಮನುಷ್ಯ, ಕೋಲೂ ಬೇಡ ಅಂದುಬಿಟ್ಟರು. ಮೂವತ್ತೆರಡು ಹೆಜ್ಜೆಗೆ ಒಂದು ಒರಳುಕಲ್ಲು ಸಿಕ್ಕಿತು, ಅರ್ಧ ಹೂತಿತ್ತು, ಗುಂಡು ಇರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಜುಂ ಅನ್ನುತ್ತದೆ. ಅಪ್ಪಯ್ಯ ನನ್ನನ್ನು ಒಂದು ಕಡೆ ನಿಲ್ಲಿಸಿದರು. "ನೀನು ಈಗ ಜಗಲಿ ಮೇಲಿದ್ದೀಯ. ಚಪ್ಪಲಿ ಬಿಡು" ಅಂದರು. ಬಿಟ್ಟೆ, ಮತ್ತೇನು ಮಾಡುವುದು.

ಆಮೇಲೆ ಶುರುವಾಯಿತು ನೋಡು. ತೋಟದ ಬೇಲಿ ಎಲ್ಲಿತ್ತು ಅನ್ನುವುದಕ್ಕೆ ಅಣ್ಣತಮ್ಮಂದಿರಿಗೆ ಜಗಳ! ಚಿಕ್ಕಪ್ಪ "ಅಗಳ ಈ ಕಡೆ ಇತ್ತು, ಆ ನಾಲ್ಕು ಸಾಲು ಅಡಿಕೆ ನನ್ನ ಪಾಲಿನದ್ದು" ಅಂದರು. ಅಪ್ಪಯ್ಯ "ಪಾಲು ಆಗುವ ಮೊದಲೇ ನೀರು ಬಂತಲ್ಲೋ, ನಿನ್ನದು ಎಲ್ಲಿಂದ ಬಂತು" ಅಂದರು. ಅರವತ್ತು ವರ್ಷ ನೀರಿನಡಿ ಇದ್ದ ತೋಟಕ್ಕೆ! ವಾಪಸು ಬರುವಾಗ ಇಬ್ಬರೂ ಜೀಪಿನ ಆ ತುದಿ ಈ ತುದಿ. ಎರಡು ದಿನ ಮಾತಿಲ್ಲ.

ನಿವೃತ್ತ ಓವರ್‌ಸಿಯರ್:
ಹೊಳೆ ಆಚೆಯವರೇ, ನಿಮ್ಮ ತಂದೆ ನೋಡದೆ ಹೋದ ಡ್ಯಾಮಿನ ಬಗ್ಗೆ ನಾನು ಎರಡು ಮಾತು ಹೇಳುತ್ತೇನೆ. ಅದರಲ್ಲಿ ನೋಡಬೇಕಾದ್ದು ಸೈಫನ್‌ಗಳು. ಹೆಚ್ಚಾದ ನೀರು ಬಿಡಲು ಬೇರೆ ಡ್ಯಾಮಿನಲ್ಲಿ ಗೇಟು ಎತ್ತಬೇಕು, ಅದಕ್ಕೆ ಒಬ್ಬ ಮನುಷ್ಯ ಬೇಕು. ಇಲ್ಲಿ ಅದು ಬೇಡ. ಬಾವಿಯಷ್ಟು ಅಗಲದ ಕೊಳವೆ ನೆಟ್ಟಗೆ ನಿಂತಿರುತ್ತದೆ, ಮೇಲೆ ಕೊಡೆಯ ಹಾಗೆ ಗುಮ್ಮಟ. ನೀರು ಕೊಳವೆಯ ಬಾಯಿ ಮುಟ್ಟಿ ಒಳಗೆ ಚೆಲ್ಲಲು ಶುರುವಾದರೆ, ಬಾಯಿಯ ಸುತ್ತ ಇರುವ ಬಾಗಿದ ಅಲಗುಗಳು ಅದನ್ನು ಗಿರಗಿರ ತಿರುಗಿಸುತ್ತವೆ. ಆ ಸುಳಿ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ತುಂಬಿ ಧೋ ಅಂತ ನೀರು ಎಳೆಯುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ಒಳಗೆ ನುಗ್ಗಿ ತಾನಾಗಿ ನಿಲ್ಲುತ್ತದೆ. ಪೈಪ್ ಬಾಯಲ್ಲಿ ಎಳೆದು ಡ್ರಮ್ಮಿನಿಂದ ಡೀಸೆಲ್ ಇಳಿಸುತ್ತೇವಲ್ಲ, ಅದೇ ಲೆಕ್ಕ. ಎಳೆಯುವ ಬಾಯಿ ಮಾತ್ರ ಆ ಸುಳಿಯದ್ದು. ಇದನ್ನು ರೂಪಿಸಿದವರು ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್. ನನ್ನ ಸರ್ವೀಸಿನಲ್ಲಿ ಕೈಕೊಟ್ಟ ಗೇಟುಗಳನ್ನು ನೆನೆದರೆ ಅವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಗದಗಿನ ಹುಡುಗ:
ಅಬ್ಬಾ! ಇಬ್ಬರಿಗೂ ಧನ್ಯವಾದ. ಹಾಗಾದರೆ ಈ ಬೇಸಿಗೆಗೆ ಹೋದರೆ ಕಾಣುತ್ತದಾ?

ಹೊಳೆ ಆಚೆಯವ:
ಮಳೆಗಾಲ ಚೆನ್ನಾಗಿ ಆದರೆ ಆಸೆ ಬಿಡು. ನೀರು ತೀರಾ ಇಳಿದ ವರ್ಷ, ಏಪ್ರಿಲ್ ಮೇಲೆ. ಫೋನಿನ ಮ್ಯಾಪ್ ನಂಬಬೇಡ. ಜೀಪು ಹೋಗುವ ದಾರಿ ವರ್ಷ ವರ್ಷ ಬೇರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು ಇರುತ್ತದೆ. ಊರವರನ್ನು ಕೇಳಿಕೊಂಡೇ ಇಳಿ.

ಒಂದು ವಿಷಯ. ನಿಮಗೆ ಡ್ಯಾಂ ಕಾಣುವ ವರ್ಷ ಅಂದರೆ ನಮಗೆ ಹಿನ್ನೀರು ದಾಟಿಸುವ ಲಾಂಚ್ ಕಷ್ಟದ ವರ್ಷ ಆಗಿತ್ತು. ನೀರು ಇಳಿದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಬಸ್ಸು ಕಾರು ಹತ್ತಿಸುತ್ತಿರಲಿಲ್ಲ, ಬರೀ ಜನ. ಬಸುರಿ ಹೆಂಗಸರನ್ನು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪಟ್ಟ ಪಾಡು ನಮ್ಮ ಮನೆಯಲ್ಲೇ ಇದೆ. 2025ರ ಜುಲೈನಲ್ಲಿ ಸೇತುವೆ ಆಯಿತು, ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಈಗ ಸಿಗಂದೂರಿಗೆ ಬರುವವರು ಬುರ್ ಅಂತ ಐದು ನಿಮಿಷದಲ್ಲಿ ದಾಟುತ್ತಾರೆ. ಸುಳ್ಳು ಹೇಳುವುದಿಲ್ಲ, ಲಾಂಚಿನಲ್ಲಿ ಕಡಲೆ ತಿನ್ನುತ್ತಾ ನಿಲ್ಲುವ ಸುಖ ಹೋಯಿತು ಅಂತ ಒಮ್ಮೊಮ್ಮೆ ಅನಿಸುತ್ತದೆ. ಹೆಂಡತಿ ಮುಂದೆ ಹಾಗೆ ಅಂದರೆ ಬೈಸಿಕೊಳ್ಳುತ್ತೇನೆ.

ಶಿಕಾರಿಪುರದಾಕೆ:
ನೀರು ಇಳಿಯುವತನಕ ಸುಮ್ನೆ ಕೂರಬೇಡಿ, ನಮ್ಮ ಕಡೆ ಈಸೂರಿಗೆ ಬನ್ನಿ. 1942ರಲ್ಲಿ ತಾವು ಸ್ವತಂತ್ರರು ಅಂತ ಸಾರಿಕೊಂಡ ಹಳ್ಳಿ. ತಮ್ಮದೇ ಸರ್ಕಾರ ಮಾಡಿಕೊಂಡು, ಅಮಲ್ದಾರ ಮತ್ತು ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಜಾಗಕ್ಕೆ ಊರಿನ ಹುಡುಗರನ್ನೇ ಕೂರಿಸಿದರು. ನಿಜವಾದ ಅಧಿಕಾರಿಗಳು ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಪಟ್ಟು ಹಿಡಿದರು. ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳ ಜೀವ ಹೋಯಿತು. 1943ರಲ್ಲಿ ಊರಿನ ಐದು ಜನರನ್ನು ಗಲ್ಲಿಗೇರಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ನಮ್ಮಲ್ಲಿ ಮಕ್ಕಳ ಬಾಯಲ್ಲೂ ಇದೆ. ವಿಚಿತ್ರ ಜಾಗ ಅಂದರೆ ನೋಡಲು ವಿಚಿತ್ರ ಇರಬೇಕು ಅಂತೇನಿಲ್ಲ, ಈಸೂರು ನೋಡಿದರೆ ಬೇರೆ ಯಾವ ಊರಿನ ಹಾಗೆಯೇ ಇದೆ.

ಗದಗಿನ ಹುಡುಗ:
ಈ ಭಾನುವಾರ ಈಸೂರು ಖಾಯಂ. ಮಡೆನೂರಿಗೆ ನೀರು ಇಳಿದಾಗ ಹೊಳೆ ಆಚೆಯವರ ಜೊತೆ ಬರಲೇ? ಜೀಪಿನ ಖರ್ಚಿಗೆ ನನ್ನ ಪಾಲು ಕೊಡುತ್ತೇನೆ.

ಹೊಳೆ ಆಚೆಯವ:
ಬಾ ಮಾರಾಯ, ದುಡ್ಡು ಯಾರು ಕೇಳಿದರು. ಅಪ್ಪಯ್ಯ ಈಗಲೇ ರೆಡಿ, ಗುಂಡುಕಲ್ಲು ಹುಡುಕಬೇಕಂತೆ. ಚಿಕ್ಕಪ್ಪನೂ ಬರುತ್ತಾರಂತೆ, ಈ ಸಲ ಅಳತೆ ಟೇಪು ತರುತ್ತಾರಂತೆ. ಜೀಪಿನಲ್ಲಿ ಇಬ್ಬರ ನಡುವೆ ನಿನ್ನನ್ನು ಕೂರಿಸುತ್ತೇನೆ.