ಮುರಿದ ತೋಳಿನ ಎಲುಬು ಕೂಡದಿದ್ದರೆ: ವಯಸ್ಸಾದವರಿಗೆ ಆಪರೇಷನ್ ಮಾಡಿಸಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ, ಸಿಂಧನೂರಿನಿಂದ:
ನಮ್ಮ ತಾಯಿಯವರಿಗೆ 74 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಬಿದ್ದು ಬಲತೋಳಿನ ಎಲುಬು ನಡುವೆ ಮುರಿದು ಏಳು ತಿಂಗಳಾಯಿತು. ಮೊದಲು ಪುತ್ತೂರು ಕಟ್ಟು, ಆಮೇಲೆ ಬ್ರೇಸ್ (ತೋಳನ್ನು ಅಲುಗದಂತೆ ಹಿಡಿಯುವ ಬಿಗಿಪಟ್ಟಿ) ಹಾಕಿಸಿದೆವು, ಎಲುಬು ಕೂಡಿಲ್ಲ. ಈಗ ಪ್ಲೇಟ್ ಹಾಕಬೇಕೆನ್ನುತ್ತಾರೆ. ಈ ವಯಸ್ಸಿನಲ್ಲಿ ಮಾಡಿಸಬಹುದೇ?

ಉತ್ತರ, ಬಳ್ಳಾರಿಯಿಂದ:
ನಮ್ಮ ಅತ್ತೆಯವರಿಗೂ ಹೀಗೆಯೇ ಆಗಿತ್ತು. ಆಪರೇಷನ್ ಮಾಡಿಸಿದೆವು, ಎಲುಬು ಕೂಡಿತು. ಆರು ತಿಂಗಳು ಕಳೆದರೂ ಎಕ್ಸ್‌ರೇಯಲ್ಲಿ ಬೆಸುಗೆ ಕಾಣದೆ, ಮುರಿದ ಜಾಗ ಇನ್ನೂ ಅಲುಗಾಡುತ್ತಿದ್ದರೆ, ಕಟ್ಟು ಬದಲಿಸುತ್ತಾ ಕಾಯುವುದರಿಂದ ಪ್ರಯೋಜನ ಕಡಿಮೆ. ಅಷ್ಟರಲ್ಲಿ ಬಳಕೆಯಿಲ್ಲದ ಎಲುಬು ಇನ್ನಷ್ಟು ಟೊಳ್ಳಾಗುತ್ತದೆ, ಭುಜ ಮತ್ತು ಮೊಣಕೈ ಬಿಗಿದುಕೊಳ್ಳುತ್ತವೆ. ಆದರೆ ದಿನಾಂಕ ಗೊತ್ತುಮಾಡುವ ಮೊದಲು ಎಲುಬು ಯಾಕೆ ಕೂಡಲಿಲ್ಲ ಎಂದು ಕೇಳಿ. ನಮ್ಮ ವೈದ್ಯರು ಸೋಂಕು ಇದೆಯೇ ಎಂದು ತಿಳಿಯಲು ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ರಕ್ತಪರೀಕ್ಷೆ, ಜೊತೆಗೆ ವಿಟಮಿನ್ ಡಿ ಹಾಗೂ ಮೂರು ತಿಂಗಳ ಸಕ್ಕರೆಯ ಪರೀಕ್ಷೆ ಮಾಡಿಸಿದರು. ಎಲೆಯಡಿಕೆಯೊಂದಿಗೆ ಹಾಕಿಕೊಳ್ಳುತ್ತಿದ್ದ ತಂಬಾಕನ್ನೂ ಬಿಡಿಸಿದರು. ನಿಕೋಟಿನ್ ಎಲುಬು ಕೂಡುವುದನ್ನು ತಡೆಯುತ್ತದೆಯಂತೆ. ನಿಜ ಹೇಳಬೇಕೆಂದರೆ, ಅವರಿಗೆ ಆಪರೇಷನ್‌ಗಿಂತ ಅದೇ ಕಷ್ಟವಾಯಿತು.

ಆಪರೇಷನ್‌ನಲ್ಲಿ ನಡುವೆ ಬೆಳೆದ ನಾರಿನಂಥ ಅಂಶವನ್ನು ತೆಗೆದು, ಎಲುಬಿನ ತುದಿಗಳನ್ನು ರಕ್ತ ಜಿನುಗುವವರೆಗೆ ಕೆರೆದು, ಒಂದಕ್ಕೊಂದು ಒತ್ತಿ ಕೂಡಿಸಿ ಉದ್ದನೆಯ ಪ್ಲೇಟ್ ಹಾಕುತ್ತಾರೆ. ಇದರಿಂದ ತೋಳು ಒಂದೆರಡು ಸೆಂಟಿಮೀಟರ್ ಗಿಡ್ಡವಾದರೂ ಕಾಲಿನ ಹಾಗೆ ಅದು ತೊಂದರೆ ಕೊಡುವುದಿಲ್ಲ. ಟೊಳ್ಳಾದ ಎಲುಬಿನಲ್ಲಿ ಸಾಮಾನ್ಯ ಸ್ಕ್ರೂ ಹಿಡಿತ ಬಿಡುವುದರಿಂದ, ಪ್ಲೇಟಿನಲ್ಲಿಯೇ ಬಿಗಿದು ನಿಲ್ಲುವ ಲಾಕಿಂಗ್ ಸ್ಕ್ರೂ ಬಳಸುತ್ತಾರೆ; ತೀರಾ ಟೊಳ್ಳಾಗಿದ್ದರೆ ಒಳಗೆ ಕಾಲಿನ ಸಣ್ಣ ಎಲುಬಿನ ತುಂಡನ್ನು ಊರುಗೋಲಿನಂತೆ ಇಡುವುದೂ ಉಂಟು. ನಮ್ಮವರಿಗೆ ಸೊಂಟದಿಂದ ಎಲುಬಿನ ಪುಡಿ ತೆಗೆದು ಹಾಕಿದ್ದರು, ಆ ಜಾಗವೇ ತೋಳಿಗಿಂತ ಹೆಚ್ಚು ನೋಯುತ್ತಿತ್ತು.

ರೇಡಿಯಲ್ ನರದ ವಿಷಯವನ್ನು ಮಾತ್ರ ಬಿಡದೆ ಕೇಳಿ. ಅದು ಈ ಎಲುಬನ್ನು ಸುತ್ತಿಕೊಂಡೇ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತುಬಿದ್ದು ಮೇಲೆತ್ತಲು ಆಗುವುದಿಲ್ಲ. ನರ ಕತ್ತರಿಸದೆ ಕೇವಲ ಎಳೆತಕ್ಕೆ ಸಿಕ್ಕಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಶಕ್ತಿ ಮರಳುತ್ತದೆ. ಈಗಲೇ ಅವರು ಮಣಿಕಟ್ಟು ಎತ್ತಬಲ್ಲರೇ ಎಂದು ನೋಡಿ ಬರೆಸಿಡಿ.

ಉತ್ತರ, ಕೊಪ್ಪಳದಿಂದ:
ಎಲ್ಲರಿಗೂ ಆಪರೇಷನ್ ಸರಿಯೆಂದು ನಾನು ಒಪ್ಪುವುದಿಲ್ಲ. ನಮ್ಮ ತಂದೆಯವರ ಹೃದಯ ದುರ್ಬಲವಾಗಿತ್ತು, ನೋವೂ ಅಷ್ಟಿರಲಿಲ್ಲ. ಹಾಗಾಗಿ ಬ್ರೇಸ್‌ನಲ್ಲಿಯೇ ಮುಂದುವರಿದೆವು. ಊಟ ಮಾಡುತ್ತಾರೆ, ಅಂಗಿ ತೊಡುತ್ತಾರೆ. ತುಂಬಿದ ಕೊಡ ಎತ್ತಲಾರರು. ವಯಸ್ಸಿಗಿಂತ ಹೃದಯ, ಶ್ವಾಸಕೋಶ ಹೇಗಿವೆ ಎಂಬುದನ್ನು ಅರಿವಳಿಕೆ ವೈದ್ಯರಿಂದ ತಿಳಿದುಕೊಳ್ಳಿ.

ಉತ್ತರ, ರಾಯಚೂರಿನಿಂದ:
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಖಾಸಗಿಗೆ ಹೋಗುವುದಾದರೆ ಅಲ್ಲಿಂದ ಶಿಫಾರಸು ಪತ್ರ ಬೇಕಾಗುತ್ತದೆ. ಹಳೆಯ ಎಕ್ಸ್‌ರೇಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ.