ಫೈನಲ್ ಎಕ್ಸ್‌ಪೆನ್ಸ್ ಪಾಲಿಸಿ: ಯಾವ ಕಂಪನಿ ಹಿಡಿಯಲಿ?

ಪ್ರಶ್ನೆ: ಅಮೆರಿಕದಲ್ಲಿ ವಿಮಾ ಏಜೆಂಟ್ ಲೈಸೆನ್ಸ್ ಈಗಷ್ಟೇ ಸಿಕ್ಕಿದೆ. ಫೈನಲ್ ಎಕ್ಸ್‌ಪೆನ್ಸ್, ಅಂದರೆ ಅಂತ್ಯಕ್ರಿಯೆ ಖರ್ಚಿಗೆ ಹಿರಿಯರು ಮಾಡಿಸುವ ಸಣ್ಣ ಜೀವವಿಮೆ, ಮಾರಬೇಕು. ಕಮಿಷನ್ ಜಾಸ್ತಿ ಇರುವ ಕಂಪನಿ ನೋಡಲಾ, ಪ್ರೀಮಿಯಂ ಕಡಿಮೆ ಇರುವುದಾ?

ಉತ್ತರ 1: ಎರಡೂ ಆಮೇಲೆ. ಮೊದಲು ಪ್ರತಿ ಕಂಪನಿಯ ಅರ್ಜಿಯಲ್ಲಿರುವ ಆರೋಗ್ಯದ ಪ್ರಶ್ನೆಗಳನ್ನು ಓದಿ. ಅದೇ ಗ್ರಾಹಕರಿಗೆ ಒಂದು ಕಂಪನಿ ಮೊದಲ ದಿನದಿಂದಲೇ ಪೂರ್ತಿ ಕವರ್ ಕೊಡುತ್ತದೆ, ಇನ್ನೊಂದು ಗ್ರೇಡೆಡ್‌ಗೆ, ಅಂದರೆ ಪೂರ್ತಿ ಕವರ್‌ಗೆ ಕಾಯಬೇಕಾದ ಪಾಲಿಸಿಗೆ, ತಳ್ಳುತ್ತದೆ. ಅದರಲ್ಲಿ 2 ವರ್ಷದೊಳಗೆ ಕಾಯಿಲೆಯಿಂದ ತೀರಿಕೊಂಡರೆ ಸಾಮಾನ್ಯವಾಗಿ ಕಟ್ಟಿದ ಹಣ, ಮೇಲೆ ಸ್ವಲ್ಪ ಬಡ್ಡಿ, ಇಲ್ಲವೇ ಕವರ್‌ನ ಒಂದು ಭಾಗ, ಅಷ್ಟೇ. ಮೊನ್ನೆ ಒಬ್ಬ ಅಜ್ಜಿ ಮಾತ್ರೆ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಗ್ಯಾಬಪೆಂಟಿನ್, ನರನೋವಿಗೆ ಕೊಡುವ ಮಾತ್ರೆ. ಸಕ್ಕರೆ ಕಾಯಿಲೆಯ ನರನೋವಿಗಾ ಅಂತ ಕೇಳಿದೆ. ‘ಇಲ್ಲಪ್ಪಾ, ಬೆನ್ನಿಗೆ’ ಅಂದರು. ಸಕ್ಕರೆ ಕಾಯಿಲೆಯ ನರನೋವಿಗೆ ಆಗಿದ್ದರೆ ಗ್ರೇಡೆಡ್‌ಗೆ ಹೋಗುತ್ತಿತ್ತು; ಆ ಒಂದು ಉತ್ತರದಿಂದ ಪೂರ್ತಿ ಕವರ್ ಸಿಕ್ಕಿತು. ನನಗೆ ತುಂಬಾ ಸಮಾಧಾನವಾಯಿತು.

ಉತ್ತರ 2: ಗ್ರಾಹಕರಿಗೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಹಣ ಬರುವ ಬುಧವಾರವೇ ಪ್ರೀಮಿಯಂ ಕಡಿತ ಮಾಡುವ ಕಂಪನಿ ಇಟ್ಟುಕೊಳ್ಳಿ; ಖಾತೆಯಲ್ಲಿ ಹಣವಿಲ್ಲದೆ ಪಾಲಿಸಿ ನಿಲ್ಲುವುದು ತಪ್ಪುತ್ತದೆ. ಪಾಲಿಸಿ ಬೇಗ ನಿಂತುಹೋದರೆ ಮುಂಗಡ ಕಮಿಷನ್ ವಾಪಸ್ ಕಟ್ಟಬೇಕು, ಅಲ್ವಾ?

ಪ್ರಶ್ನೆ ಕೇಳಿದವರು: ಮಾತ್ರೆ ಡಬ್ಬಿ ನೋಡಬೇಕು ಅಂತ ಹೊಳೆದೇ ಇರಲಿಲ್ಲ. ನಾಳೆಯಿಂದಲೇ ಕೇಳುತ್ತೇನೆ.