ನಮ್ಮ ಓಣಿಯಲ್ಲಿ ಕಿವುಡು ಜಾಸ್ತಿ. ಮಗ್ಗದ ಸದ್ದೇ ಕಾರಣವಾ?

ಪ್ರಶ್ನೆ:
ನಮ್ಮದು ಬನಹಟ್ಟಿ, ಮನೆಯಲ್ಲೇ ಪವರ್‌ಲೂಮ್. ಅಪ್ಪನಿಗೆ ಟಿವಿ ಸೌಂಡ್ ಪೂರ್ತಿ ಏರಿಸಬೇಕು. ಮೊಮ್ಮಗಳು ಪಕ್ಕದಲ್ಲೇ ಕೂತು "ಅಜ್ಜಾ" ಅಂದರೂ ತಿರುಗುವುದಿಲ್ಲ. ಅವರ ವಯಸ್ಸಿನ ನೇಕಾರರು ಬಹಳ ಜನ ಹೀಗೇ ಇದ್ದಾರೆ. ಆದರೆ ಓಣಿಯ ಒಂದು ಮಗುವಿಗೆ ಹುಟ್ಟಿನಿಂದಲೇ ಕೇಳಿಸುವುದಿಲ್ಲ. ತಂದೆ ತಾಯಿ ಸೋದರಮಾವ, ಅಕ್ಕನ ಮಗಳು. ಎಲ್ಲಕ್ಕೂ ಸದ್ದೇ ಕಾರಣವಾ? ತುಂಬಾ ಚಿಂತೆಯಾಗಿದೆ.

ಉತ್ತರ 1:
ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವ ಕೆಲಸ. ಅಪ್ಪನ ವಿಷಯದಲ್ಲಿ ಸದ್ದಿನ ಮೇಲೇ ಅನುಮಾನ, ಜೊತೆಗೆ ವಯಸ್ಸು. 85 ಡೆಸಿಬಲ್‌ಗಿಂತ ಜಾಸ್ತಿ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ವರ್ಷಗಟ್ಟಲೆ ಕೆಲಸ ಮಾಡಿದರೆ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ. ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ದನಿ. ಮಕ್ಕಳ ಮಾತು ತಪ್ಪುವುದು ಅದಕ್ಕೇ.

ಮಗುವಿನದು ಬೇರೆ. ಹತ್ತಿರದ ರಕ್ತಸಂಬಂಧದ ಮದುವೆಯಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚು. ಬಸುರಿಗೆ ರುಬೆಲ್ಲಾ ಎಂಬ ವೈರಸ್ ಸೋಂಕು ಬಂದಿದ್ದರೆ, ಹುಟ್ಟಿದಾಗ ಕಾಮಾಲೆ ತೀವ್ರವಾಗಿದ್ದರೂ ಆಗಬಹುದು. ತಡಮಾಡದೆ ಪರೀಕ್ಷೆ ಮಾಡಿಸಲು ಹೇಳಿ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೂರವಾದರೆ ಮೊದಲು ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ಡಾಕ್ಟರಿಗೆ ತೋರಿಸಲಿ.

ಉತ್ತರ 2:
ಕಿವಿ ಸೋರುವುದರಿಂದಲೂ ಕಿವುಡು ಬರಬಹುದು, ಅದನ್ನೂ ಕೇಳಿ ನೋಡಿ. ನನ್ನ ತಮ್ಮನಿಗೆ ಸೋರಿದಾಗಲೆಲ್ಲ ಅಜ್ಜಿ ಬೆಳ್ಳುಳ್ಳಿ ಎಣ್ಣೆ ಬಿಸಿಮಾಡಿ ಬಿಡುತ್ತಿದ್ದರು. ಕಿವಿಯ ತಮಟೆಯಲ್ಲಿ ತೂತು ಇರುವುದು ಗೊತ್ತಾಗಿದ್ದು ಹೈಸ್ಕೂಲಿನಲ್ಲಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನಾನೂ ಮಗ್ಗದ ಮುಂದೆ ನಿಲ್ಲುತ್ತೇನೆ. ಕಿವಿಗೆ ಹತ್ತಿ ಇಟ್ಟರೆ ಸಾಕಾ?

ಉತ್ತರ 1:
ಹತ್ತಿ ಸಾಲದು. ಫೋಮ್ ಇಯರ್‌ಪ್ಲಗ್ ತಗೊಳ್ಳಿ. ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಲ್ಲಿ ಹಿಡಿದಿರಿ.